ಬಜಪೆಯಿಂದ ದೇವನಹಳ್ಳಿಗೆ ಎಷ್ಟು ದೂರ, ಎಷ್ಟು ಹೊತ್ತು?

ಉಪ್ಪಿನಂಗಡಿಯ ಕಡೆಯ ಸೋದರಿಯೊಬ್ಬರು ಈ ತಿಂಗಳು ನಮ್ಮ ಅಂಕಣಕ್ಕೆ ಪತ್ರ ಬರೆದು, ಗೃಹಸ್ಥರೆಲ್ಲರಿಗೂ ಉಪಯೋಗವಾಗಬಲ್ಲ ಪ್ರಶ್ನೆಯೊಂದನ್ನು ಕೇಳಿದ್ದಾರೆ. ಅವರ ತಾಯಿಯವರು ಬೆಂಗಳೂರಿನ ಜಯನಗರದಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತನ್ನು ದಾಟಿದೆ; ಹೃದಯದ ಬೇನೆಯಿಂದ ಒಂದು ವರ್ಷದಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ಸಲವೂ ಈ ಸೋದರಿಯು ರಾತ್ರಿಯ ಬಸ್ಸನ್ನು ಹಿಡಿದು ಹೋದರು. “ಇನ್ನೊಮ್ಮೆ ಹಾಗೇನಾದರೂ ಆದರೆ ಇಡೀ ರಾತ್ರಿ ಘಟ್ಟ ಹತ್ತಿ ಬರಬೇಡ ತಂಗೀ, ವಿಮಾನದಲ್ಲಿ ಮುಕ್ಕಾಲು ಗಂಟೆಯ ಹಾದಿ” ಎಂದು ಅಣ್ಣನವರು ಹೇಳುತ್ತಾರಂತೆ. ಟಿಕೆಟಿನ ಮೇಲೆ ನೋಡಿದರೆ ಒಂದು ಗಂಟೆಗೂ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಮಗನು ಮೊಬೈಲಿನಲ್ಲಿ ಲೆಕ್ಕ ಹಾಕಿ, ೩೦೬ ಕಿಲೋಮೀಟರು, ಇಪ್ಪತ್ತೆರಡು ನಿಮಿಷ ಎಂದು ಹೇಳುತ್ತಾನೆ. “ಈ ಮೂರರಲ್ಲಿ ನಿಜವಾವುದು? ಹೊತ್ತು ಮೀರುವ ಮುನ್ನ ಅಮ್ಮನ ಬಳಿಗೆ ಹೋಗಿ ಸೇರಬೇಕಾದರೆ ನಾನು ಯಾವುದನ್ನು ನಂಬಿ ಹೊರಡಲಿ?” ಎಂಬುದು ಅವರ ಪ್ರಶ್ನೆ.

ಮೂರೂ ನಿಜವೆಂದೇ ಹೇಳಬೇಕು. ಇಪ್ಪತ್ತೆರಡು ನಿಮಿಷವೆಂಬುದು ಭೂಪಟದ ಲೆಕ್ಕ. ಮುಕ್ಕಾಲು ಗಂಟೆಯೆಂಬುದು ವಿಮಾನಚಾಲಕನ ಲೆಕ್ಕ. ಒಂದು ಗಂಟೆಯೆಂಬುದು ಟಿಕೆಟು ಮಾರುವ ಕಂಪೆನಿಯ ಲೆಕ್ಕ. ಆದರೆ ಈ ಮೂರೂ ಎರಡು ವಿಮಾನ ನಿಲ್ದಾಣಗಳಿಗೆ ಸಂಬಂಧಪಟ್ಟವುಗಳು. ಎರಡು ಮನೆಗಳಿಗೆ ಸಂಬಂಧಪಟ್ಟ ನಾಲ್ಕನೆಯ ಲೆಕ್ಕವೊಂದುಂಟು. ಅದನ್ನು ಯಾರೂ ಅಚ್ಚುಹಾಕಿ ಕೊಡುವುದಿಲ್ಲ, ಮನೆಯವರೇ ಹಾಕಿಕೊಳ್ಳಬೇಕು. ಸೋದರಿಗೆ ಬೇಕಾದುದು ಅದು. ಅಲ್ಲಿಗೆ ಹೋಗುವ ಮೊದಲು ಉಳಿದ ಮೂರು ಲೆಕ್ಕಗಳು ಹೇಗೆ ಹುಟ್ಟುತ್ತವೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು; ಏಕೆಂದರೆ ಅವುಗಳಲ್ಲಿ ಯಾವುದು ಹಿಗ್ಗುತ್ತದೆ, ಯಾವುದು ಹಿಗ್ಗುವುದಿಲ್ಲ ಎಂಬುದು ಗೊತ್ತಿದ್ದರೆ ಅವಸರದ ದಿನದಲ್ಲಿ ಮನಸ್ಸು ಕಲಕುವುದಿಲ್ಲ.

ಮೊದಲು ದೂರದ ಮಾತು. ಬಜಪೆಯ ನಿಲ್ದಾಣವು ಉತ್ತರ ಅಕ್ಷಾಂಶ ೧೨ ಅಂಶ ೫೮ ಕಲೆ, ಪೂರ್ವ ರೇಖಾಂಶ ೭೪ ಅಂಶ ೫೩ ಕಲೆಯ ಹತ್ತಿರ ಇರುವುದು. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವು ಅಕ್ಷಾಂಶ ೧೩ ಅಂಶ ೧೨ ಕಲೆ, ರೇಖಾಂಶ ೭೭ ಅಂಶ ೪೨ ಕಲೆಯಲ್ಲಿದೆ. ಅಂದರೆ ದಕ್ಷಿಣೋತ್ತರವಾಗಿ ಎರಡಕ್ಕೂ ಇರುವ ಅಂತರ ಕೇವಲ ೧೪ ಕಲೆ. ದಕ್ಷಿಣೋತ್ತರವಾಗಿ ಒಂದು ಕಲೆಯೆಂದರೆ ಹಡಗಿನವರೂ ವಿಮಾನದವರೂ ಬಳಸುವ ಒಂದು ನಾವಿಕ ಮೈಲಿ, ಎಂದರೆ ೧೮೫೨ ಮೀಟರು. ಹದಿನಾಲ್ಕಕ್ಕೆ ಸುಮಾರು ೨೬ ಕಿಲೋಮೀಟರು. ಪೂರ್ವಪಶ್ಚಿಮವಾಗಿ ಅಂತರವು ೨ ಅಂಶ ೪೯ ಕಲೆ. ಭೂಮಧ್ಯರೇಖೆಯ ಮೇಲೆ ಒಂದು ರೇಖಾಂಶಕ್ಕೆ ೧೧೧ ಕಿಲೋಮೀಟರಾದರೆ, ಭೂಗೋಲವು ಧ್ರುವಗಳ ಕಡೆಗೆ ಸಣ್ಣದಾಗುತ್ತ ಹೋಗುವುದರಿಂದ ನಮ್ಮ ಹದಿಮೂರನೆಯ ಅಕ್ಷಾಂಶದಲ್ಲಿ ಅದು ೧೦೮ಕ್ಕೆ ಇಳಿಯುತ್ತದೆ. ಆ ಪ್ರಕಾರ ಪೂರ್ವಪಶ್ಚಿಮದ ಅಂತರ ೩೦೫ ಕಿಲೋಮೀಟರಾಗುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರವನ್ನು ಹಾಕಿದರೆ ಒಟ್ಟು ೩೦೬. ಮಗನ ಮೊಬೈಲು ಹೇಳಿದುದು ಸರಿಯಾಗಿದೆ. ಮನೆಯ ಮಕ್ಕಳು ಇದನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆ. ಸೂರ್ಯನು ಒಂದು ರೇಖಾಂಶವನ್ನು ದಾಟುವುದಕ್ಕೆ ನಾಲ್ಕು ನಿಮಿಷಗಳು ಹಿಡಿಯುತ್ತವೆ. ಆದುದರಿಂದ ದೇವನಹಳ್ಳಿಯಲ್ಲಿ ನಡುನೆತ್ತಿಗೆ ಬಂದ ಸೂರ್ಯನು ಬಜಪೆಯ ನಡುನೆತ್ತಿಗೆ ಬರುವುದಕ್ಕೆ ಹನ್ನೊಂದು ನಿಮಿಷಗಳಿಗಿಂತ ತುಸು ಹೆಚ್ಚು ಬೇಕು. ಬೆಂಗಳೂರಿನ ಪಂಚಾಂಗವನ್ನು ನೋಡಿ ಮಂಗಳೂರಿನಲ್ಲಿ ಸೂರ್ಯೋದಯದ ಕರ್ಮಗಳನ್ನು ಮಾಡಬಾರದೆಂದು ಹಿರಿಯರು ಹೇಳುತ್ತಿದ್ದುದರ ಗುಟ್ಟು ಇದೇ. ಇಷ್ಟು ವೇಗದ ವಿಮಾನಗಳು ಬಂದರೂ ಈ ಹಾದಿಯಲ್ಲಿ ಸೂರ್ಯನನ್ನು ಹಿಂದೆ ಹಾಕತಕ್ಕ ಪ್ರಯಾಣಿಕ ವಿಮಾನ ಯಾವುದೂ ಇಲ್ಲ.

ಇನ್ನು ರಸ್ತೆ. ಶಿರಾಡಿ ಘಟ್ಟದ ಮೇಲೆ ಹಾಸನದ ಮಾರ್ಗವಾಗಿ ಮಂಗಳೂರು ಪಟ್ಟಣದಿಂದ ಬೆಂಗಳೂರು ಪಟ್ಟಣಕ್ಕೆ ಸುಮಾರು ೩೫೦ ಕಿಲೋಮೀಟರು. ಆಕಾಶದ ಹಾದಿಗೂ ನೆಲದ ಹಾದಿಗೂ ಇರುವ ವ್ಯತ್ಯಾಸ ನಲವತ್ತು ಐವತ್ತು ಕಿಲೋಮೀಟರು ಮಾತ್ರವೆಂದು ತಿಳಿದರೆ ಅನೇಕರಿಗೆ ಆಶ್ಚರ್ಯವಾದೀತು. ವಿಮಾನವು ನಮಗೆ ಉಳಿಸಿಕೊಡುವುದು ದೂರವನ್ನಲ್ಲ, ಘಟ್ಟವನ್ನು. ಗುಂಡ್ಯದಿಂದ ಮೇಲಕ್ಕೆ ಲಾರಿಗಳ ಹಿಂದೆ ತೆವಳುವ ಆ ಹೊತ್ತೇ ಈ ಪ್ರಯಾಣದ ಮುಳ್ಳು.

ಹಾಗಾದರೆ ಇಪ್ಪತ್ತೆರಡು ನಿಮಿಷವು ಮುಕ್ಕಾಲು ಗಂಟೆಯಾಗುವುದೇಕೆ? ದೊಡ್ಡ ಜೆಟ್ ವಿಮಾನವೊಂದು ಎತ್ತರದಲ್ಲಿ ಸಮನಾಗಿ ಹಾರುವಾಗ ಗಂಟೆಗೆ ಸುಮಾರು ೮೩೦ ಕಿಲೋಮೀಟರಿನ ವೇಗದಲ್ಲಿ ಹೋಗುತ್ತದೆ. ೩೦೬ನ್ನು ಆ ವೇಗದಿಂದ ಭಾಗಿಸಿದರೆ ಇಪ್ಪತ್ತೆರಡು ನಿಮಿಷ ಬರುವುದು ನಿಶ್ಚಯ. ಆದರೆ ವಿಮಾನವು ಬಜಪೆಯಲ್ಲಿ ಆ ವೇಗದಿಂದ ಹುಟ್ಟುವುದೂ ಇಲ್ಲ, ದೇವನಹಳ್ಳಿಯಲ್ಲಿ ಆ ವೇಗದಿಂದ ನಿಲ್ಲುವುದೂ ಇಲ್ಲ. ಅದಕ್ಕೂ ಒಂದು ಘಟ್ಟವುಂಟು, ಹತ್ತಬೇಕು, ಇಳಿಯಬೇಕು. ಸುಮಾರು ೩,೦೦೦ ಮೀಟರು ಎತ್ತರಕ್ಕಿಂತ ಕೆಳಗೆ ಗಂಟೆಗೆ ೨೫೦ ನಾವಿಕ ಮೈಲಿಯನ್ನು, ಎಂದರೆ ೪೬೩ ಕಿಲೋಮೀಟರನ್ನು, ಮೀರದಿರುವುದು ವಾಡಿಕೆಯಾದ ನಿಯಮ. ಇಳಿಯುವಾಗ, ೩೦೦ ಮೀಟರು ಇಳಿಯುವುದಕ್ಕೆ ಐದೂವರೆ ಕಿಲೋಮೀಟರು ಮುಂದೆ ಸಾಗಬೇಕೆಂಬುದು ಚಾಲಕರ ಬಾಯಿಲೆಕ್ಕ. ಇಷ್ಟು ಹತ್ತಿರದ ಪ್ರಯಾಣದಲ್ಲಿ ವಿಮಾನವು ತನ್ನ ಪೂರ್ಣ ಎತ್ತರಕ್ಕೆ ಏರುವ ಗೋಜಿಗೆ ಹೋಗುವುದಿಲ್ಲ. ಏಳೂವರೆ ಸಾವಿರ ಮೀಟರಿಗೆ ಏರಿತೆಂದೇ ಇಟ್ಟುಕೊಳ್ಳೋಣ. ದೇವನಹಳ್ಳಿಯ ನೆಲವೇ ಸಮುದ್ರಮಟ್ಟದಿಂದ ೯೧೫ ಮೀಟರು ಎತ್ತರದಲ್ಲಿರುವುದರಿಂದ ಇಳಿಯಬೇಕಾದುದು ಆರೂವರೆ ಸಾವಿರ ಮೀಟರು. ಅದಕ್ಕೆ ಸುಮಾರು ೧೨೦ ಕಿಲೋಮೀಟರು ಬೇಕು. ಹಿಂತಿರುಗುವಾಗ ಬಜಪೆಯ ಗುಡ್ಡವು ನೂರು ಮೀಟರಷ್ಟೇ ಎತ್ತರವಾದುದರಿಂದ ಇಳಿಜಾರು ಇನ್ನೂ ಉದ್ದ, ಸುಮಾರು ೧೩೫. ಹತ್ತುವುದಕ್ಕೂ ನೂರಕ್ಕೆ ಮೇಲ್ಪಟ್ಟು ಕಿಲೋಮೀಟರುಗಳು ಬೇಕಾಗುತ್ತವೆ. ಹೀಗೆ ಕಳೆಯುತ್ತ ಹೋದರೆ ೩೦೬ರಲ್ಲಿ ಸಮನಾಗಿ, ಪೂರ್ಣವೇಗದಲ್ಲಿ ಹಾರತಕ್ಕ ಭಾಗ ಎಪ್ಪತ್ತು ಎಂಬತ್ತು ಕಿಲೋಮೀಟರು, ಎಂದರೆ ಐದಾರು ನಿಮಿಷ! ಕಾಫಿಯ ಲೋಟವನ್ನು ಕೈಗೆ ಕೊಟ್ಟು ಮತ್ತೆ ತೆಗೆದುಕೊಂಡು ಹೋಗುವುದಕ್ಕೆ ವಿಮಾನದ ಪರಿಚಾರಿಕೆಯರು ಅಷ್ಟು ಅವಸರಪಡುವುದು ಇದರಿಂದಲೇ.

ಗಾಳಿಯ ವಿಷಯವನ್ನೂ ಹೇಳಬೇಕು. ವಿಮಾನವು ಯಾವಾಗಲೂ ಗಾಳಿಗೆ ಎದುರಾಗಿ ಏರಲೂ ಇಳಿಯಲೂ ಬಯಸುತ್ತದೆ. ಮಂಗಳೂರಿನ ರನ್‌ವೇ ಎಂಬ ಓಡುದಾರಿಯು ಈಶಾನ್ಯದಿಂದ ನೈರುತ್ಯಕ್ಕೂ, ದೇವನಹಳ್ಳಿಯ ಎರಡು ಓಡುದಾರಿಗಳು ಪೂರ್ವದಿಂದ ಪಶ್ಚಿಮಕ್ಕೂ ಹಾಸಿವೆ. ಮಳೆಗಾಲದಲ್ಲಿ ಗಾಳಿಯು ಪಡುವಣದಿಂದ ಬೀಸುವುದಷ್ಟೆ. ಆಗ ಬಜಪೆಯಿಂದ ಪೂರ್ವಕ್ಕೆ ಹೋಗಬೇಕಾದ ವಿಮಾನವು ಮೊದಲು ಕಡಲಿಗೆ ಮುಖಮಾಡಿ ಏರಿ, ಬಳಿಕ ಸುತ್ತಿ ಹಿಂದಕ್ಕೆ ತಿರುಗಬೇಕು. ದೇವನಹಳ್ಳಿಗೆ ಬಂದ ಮೇಲೆಯೂ ಪಶ್ಚಿಮದಿಂದ ನೆಟ್ಟಗೆ ಇಳಿಯುವ ಹಾಗಿಲ್ಲ. ನಿಲ್ದಾಣವನ್ನು ದಾಟಿ ಮೂಡಣಕ್ಕೆ ಹೋಗಿ, ಮತ್ತೆ ಪಡುವಣಕ್ಕೆ ಮುಖ ಮಾಡಿಕೊಂಡು ಬರಬೇಕು. ಎರಡು ಕಡೆಯ ಈ ಸುತ್ತಿನಲ್ಲಿ ಎಷ್ಟೋ ಕಿಲೋಮೀಟರುಗಳು ಸೇರಿಹೋಗುತ್ತವೆ. ಗಾಳಿಯು ಮೂಡಣದಿಂದ ಬೀಸುವ ಚಳಿಗಾಲದ ದಿನಗಳಲ್ಲಿ ಅದೇ ವಿಮಾನವು ನೇರವಾಗಿ ಏರಿ ನೇರವಾಗಿ ಇಳಿದುಬಿಡಬಹುದು. ಆದುದರಿಂದ “ಹೋದ ಸಲ ಬೇಗ ಬಂದಿತ್ತು, ಈ ಸಲ ಏಕೆ ತಡ?” ಎಂದು ಚಾಲಕನನ್ನು ದೂಷಿಸುವುದು ನ್ಯಾಯವಲ್ಲ. ಮುಕ್ಕಾಲು ಗಂಟೆಯೆಂಬ ಅಣ್ಣನವರ ಮಾತು ನೆಲ ಬಿಟ್ಟುದರಿಂದ ನೆಲ ಮುಟ್ಟುವವರೆಗಿನ ಹೊತ್ತಿಗೆ ಸರಿಹೋಗುತ್ತದೆ.

ಟಿಕೆಟಿನ ಒಂದು ಗಂಟೆ ಬೇರೆ ಬಗೆಯದು. ನಿಂತ ವಿಮಾನದ ಚಕ್ರಗಳು ಉರುಳದಂತೆ ಇಟ್ಟಿರುವ ತಡೆಗಳನ್ನು ತೆಗೆದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಅದು ತನ್ನ ಸ್ಥಳಕ್ಕೆ ಬಂದು ಮತ್ತೆ ತಡೆಗಳನ್ನು ಇಡುವವರೆಗೆ ಆ ಲೆಕ್ಕ. ಹಿಂದಕ್ಕೆ ತಳ್ಳಿಸಿಕೊಳ್ಳುವುದು, ಓಡುದಾರಿಯ ತುದಿಯವರೆಗೆ ಉರುಳುವುದು, ಮುಂದಿನ ವಿಮಾನಗಳು ಹೋಗುವವರೆಗೆ ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಬಹುದೂರ ಉರುಳಿಕೊಂಡು ಬರುವುದು, ಇವೆಲ್ಲ ಅದರಲ್ಲಿ ಸೇರಿರುತ್ತವೆ. ಇದಲ್ಲದೆ, ತಡವಾಯಿತೆಂಬ ಅಪವಾದ ಬಾರದಂತೆ ಕಂಪೆನಿಗಳು ಕೆಲವು ನಿಮಿಷಗಳನ್ನು ಮುಂಜಾಗ್ರತೆಗಾಗಿ ಕೂಡಿಸಿಡುವುದೂ ಉಂಟು. ಹೊರಟದ್ದು ತಡವಾದರೂ ಬಂದದ್ದು ಸಮಯಕ್ಕೆ ಸರಿಯಾಗಿ ಎಂದು ಹೇಳಿಸಿಕೊಳ್ಳುವ ಚಮತ್ಕಾರ ಇಲ್ಲಿಯದು. ೧೯೫೧ರ ಡಿಸೆಂಬರ್ ೨೫ರಂದು ಬಜಪೆಯ ನಿಲ್ದಾಣವನ್ನು ತೆರೆಯಲು ಜವಾಹರಲಾಲ್ ನೆಹರೂರವರು ಬಂದಿಳಿದುದು ಡಗ್ಲಸ್ ಡಿ.ಸಿ.–೩ ಎಂಬ ವಿಮಾನದಲ್ಲಿ. ಡಕೋಟಾ ಎಂದು ಜನ ಕರೆಯುತ್ತಿದ್ದ ಆ ಜಾತಿಯ ವಿಮಾನವು ಗಂಟೆಗೆ ಸುಮಾರು ೩೦೦ ಕಿಲೋಮೀಟರು ಹಾರುತ್ತಿದ್ದಿತು. ಈ ೩೦೬ ಕಿಲೋಮೀಟರಿಗೆ ಅದಕ್ಕೂ ಒಂದು ಗಂಟೆಯ ಮೇಲೆ ಸ್ವಲ್ಪವೇ ಸಾಕು. ಇಂದಿನ ವಿಮಾನಗಳ ವೇಗ ಅದರ ಎರಡೂವರೆ ಪಾಲಿಗೂ ಮೀರಿ ಬೆಳೆದಿದೆ. ಟಿಕೆಟಿನ ಮೇಲಿನ ಗಂಟೆ ಮಾತ್ರ ಹಾಗೆಯೇ ನಿಂತಿದೆ.

ಈಗ ನಾಲ್ಕನೆಯ ಲೆಕ್ಕಕ್ಕೆ ಬರೋಣ. ನೇತ್ರಾವತಿ ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯು ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆಯೇ ಇದೆ. ಬೆಂಗಳೂರು ಮೂಡಣಕ್ಕೆ, ಬಜಪೆಯು ಪಡುವಣಕ್ಕೆ. ವಿಮಾನವನ್ನು ಹಿಡಿಯಬೇಕಾದರೆ ಈ ಸೋದರಿಯು ತಾಯಿಯಿರುವ ಊರಿಗೆ ಬೆನ್ನುಮಾಡಿ ಬಿ.ಸಿ. ರೋಡು, ಪೊಳಲಿ, ಕೈಕಂಬಗಳ ಮೇಲೆ ಐವತ್ತು ಅರುವತ್ತು ಕಿಲೋಮೀಟರು ಹಿಂದಕ್ಕೆ ಹೋಗಬೇಕು. ಅದಕ್ಕೆ ಒಂದೂವರೆ ಗಂಟೆ. ಅವಸರದ ದಿನ ಎಡವಟ್ಟಾಗದಂತೆ ಎರಡು ಗಂಟೆಯನ್ನೇ ಹಿಡಿಯಬೇಕು. ಒಳನಾಡಿನ ಪ್ರಯಾಣಕ್ಕೆ ಸಾಮಾನು ಒಪ್ಪಿಸುವ ಕೌಂಟರನ್ನು ಸಾಮಾನ್ಯವಾಗಿ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ವಿಮಾನಕ್ಕೆ ಬಿಡುವ ಬಾಗಿಲನ್ನು ಸುಮಾರು ಇಪ್ಪತ್ತೈದು ನಿಮಿಷ ಮೊದಲು. ಆದಕಾರಣ ಒಂದೂವರೆ ಗಂಟೆ ಮುಂಚಿತವಾಗಿ ಅಲ್ಲಿರತಕ್ಕದ್ದು. ಆ ಮೇಲೆ ಟಿಕೆಟಿನ ಒಂದು ಗಂಟೆ. ಇಳಿದು, ನಡೆದು, ಪೆಟ್ಟಿಗೆ ಬರುವವರೆಗೆ ನಿಂತು ಹೊರಗೆ ಬರಲು ಅರ್ಧ ಗಂಟೆ.

ಅಲ್ಲಿಂದ ಜಯನಗರ! ಇಲ್ಲಿಯೇ ಹೊಸಬರು ಮೋಸಹೋಗುವುದು. ಬೆಂಗಳೂರಿಗೆ ಬಂದಿಳಿದೆವೆಂದು ನಾವು ಹೇಳುತ್ತೇವೆ, ಇಳಿದುದು ದೇವನಹಳ್ಳಿಯಲ್ಲಿ. ೨೦೦೮ರ ಮೇ ೨೪ರವರೆಗೆ ಪ್ರಯಾಣಿಕ ವಿಮಾನಗಳು ಪಟ್ಟಣಕ್ಕೆ ಅಂಟಿಕೊಂಡಿದ್ದ ಹಿಂದೂಸ್ತಾನ್ ಏರೋನಾಟಿಕ್ಸಿನ ಹಳೆಯ ನಿಲ್ದಾಣದಲ್ಲಿ ಇಳಿಯುತ್ತಿದ್ದುವು. ಆ ದಿನದಿಂದ ಅವು ಪಟ್ಟಣದ ಆಚೆಗೆ ಈಶಾನ್ಯದಲ್ಲಿ ಇಳಿಯತೊಡಗಿದುವು. ಆಕಾಶದ ದೂರವು ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಮನೆಯ ದೂರ ಮಾತ್ರ ಬೆಳೆಯಿತು. ಮಂಗಳೂರಿನಿಂದ ಬರುವ ವಿಮಾನವು ಬೆಂಗಳೂರನ್ನು ಮೀರಿ ಮುಂದೆ ಹೋಗಿ ಇಳಿಯುವುದು. ಪ್ರಯಾಣಿಕರು ನೆಲದ ಮೇಲೆ ಹಿಂದಕ್ಕೆ ಬರುವುದು. ನಿಲ್ದಾಣದಿಂದ ಮೆಜೆಸ್ಟಿಕ್‌ಗೇ ಸುಮಾರು ೩೫ ಕಿಲೋಮೀಟರು; ಜಯನಗರಕ್ಕೆ ನಲವತ್ತಕ್ಕೂ ಮೇಲು. ವಾಯುವಜ್ರ ಬಸ್ಸಿನಲ್ಲಾಗಲಿ ಬಾಡಿಗೆಯ ಕಾರಿನಲ್ಲಾಗಲಿ ಒಂದೂವರೆ ಗಂಟೆ. ಸಾಯಂಕಾಲ ಕಚೇರಿಗಳು ಬಿಡುವ ಹೊತ್ತಾದರೆ ಎರಡು ಗಂಟೆ.

ಎರಡು, ಒಂದೂವರೆ, ಒಂದು, ಅರ್ಧ, ಒಂದೂವರೆ. ಕೂಡಿದರೆ ಆರೂವರೆ ಗಂಟೆ. ಅದರಲ್ಲಿ ಹಾರುವ ಹೊತ್ತು ಮುಕ್ಕಾಲು. ಉಪ್ಪಿನಂಗಡಿಯಿಂದ ಕಾರಿನಲ್ಲಿ ನೆಟ್ಟಗೆ ಮೂಡಣಕ್ಕೆ ಹೊರಟರೆ, ಘಟ್ಟದಲ್ಲಿ ಅಡ್ಡಿಯಿಲ್ಲದಿದ್ದಲ್ಲಿ, ಆರರಿಂದ ಏಳು ಗಂಟೆಯೊಳಗೆ ಜಯನಗರದ ಮನೆಯ ಬಾಗಿಲು. ಎಂದ ಮೇಲೆ ಸೋದರಿಗೆ ವಿಮಾನದಿಂದ ಉಳಿಯುವುದು ಏನೂ ಇಲ್ಲವೆಂದೇ ನನ್ನ ಅಭಿಪ್ರಾಯ. ವಿಮಾನವು ಅವರಿಗಾಗಿ ಕಾದು ನಿಂತಿರುವುದೂ ಇಲ್ಲ. ಸಾಯಂಕಾಲ ಆರಕ್ಕೆ ಸುದ್ದಿ ಬಂದಿತೆಂದರೆ, ಬಜಪೆಗೆ ಹೋಗುವ ಹೊತ್ತಿಗೆ ಆ ದಿನದ ಕಡೆಯ ವಿಮಾನ ಸಿಕ್ಕೀತೆಂಬ ಭರವಸೆಯಿಲ್ಲ; ಸಿಕ್ಕದಿದ್ದರೆ ಬೆಳಗಿನವರೆಗೆ ಕಾಯಬೇಕು. ರಾತ್ರಿಯ ಬಸ್ಸಾದರೋ ಅವರ ಊರಿನ ಮೇಲೆಯೇ ಹಾದುಹೋಗುತ್ತದೆ. ಬೆಳಗಾಗುವಾಗ ಬೆಂಗಳೂರಿನಲ್ಲಿ ಇಳಿಸುತ್ತದೆ. ಅವರು ಎರಡು ಸಲವೂ ಮಾಡಿದುದು ಸರಿಯಾದ ಕೆಲಸವೇ. ಅಣ್ಣನವರ ಅಂತಃಕರಣ ದೊಡ್ಡದು, ಲೆಕ್ಕ ಮಾತ್ರ ಚಿಕ್ಕದಾಯಿತು.

ಬೆನ್ನುನೋವಿರುವವರು ಕುಳಿತು ಹೋಗಲಾರದಿದ್ದರೆ ರೈಲನ್ನು ಮರೆಯಬಾರದು. ಕಬಕ ಪುತ್ತೂರಿನ ನಿಲ್ದಾಣ ಅವರಿಗೆ ಹತ್ತಿರ. ಹಾಸನ–ಮಂಗಳೂರು ಹಾದಿಯು ೧೯೭೯ರಲ್ಲಿ ಮೀಟರು ಗೇಜಿನಲ್ಲಿ ತೆರೆಯಿತು. ಅಗಲ ಹಳಿಗೆ ಬದಲಾಯಿಸುವುದಕ್ಕಾಗಿ ವರ್ಷಾನುಗಟ್ಟಲೆ ನಿಂತಿದ್ದ ಪ್ರಯಾಣಿಕರ ಗಾಡಿಗಳು ೨೦೦೭ರ ಡಿಸೆಂಬರಿನಲ್ಲಿ ಮತ್ತೆ ಓಡತೊಡಗಿದುವು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ ೫೭ ಸುರಂಗಗಳು. ಐವತ್ತು ಮೀಟರಿಗೆ ಒಂದು ಮೀಟರಿನಂತೆ ಏರು. ಗಾಡಿ ನಿಧಾನವೇ ಸರಿ, ಆದರೆ ಮಲಗಿಕೊಂಡು ಹೋಗಬಹುದು.

ಮಂಗಳೂರು ಪಟ್ಟಣದವರ ಲೆಕ್ಕ ಬೇರೆ. ಕದ್ರಿಯವರಿಗೋ ಕೊಡಿಯಾಲಬೈಲಿನವರಿಗೋ ಬಜಪೆಯು ಹದಿನೈದು ಕಿಲೋಮೀಟರಿನೊಳಗೆ, ಮುಕ್ಕಾಲು ಗಂಟೆಯ ಹಾದಿ. ಅವರು ಐದೂಕಾಲು ಗಂಟೆಯಲ್ಲಿ ಜಯನಗರವನ್ನು ಸೇರಬಹುದು. ಮಗಳ ಮನೆ ಯಲಹಂಕದಲ್ಲೋ ಹೆಬ್ಬಾಳದಲ್ಲೋ ಇದ್ದರೆ ನಾಲ್ಕೂವರೆ ಗಂಟೆಯೂ ಆಗಲಾರದು. ರಸ್ತೆಯಲ್ಲಿ ಅವರಿಗೆ ಏಳೆಂಟು ಗಂಟೆ ಹಿಡಿಯುವುದರಿಂದ ಎರಡು ಮೂರು ಗಂಟೆಗಳ ಉಳಿತಾಯವುಂಟು. ಸುರತ್ಕಲ್ಲು, ಮೂಲ್ಕಿಗಳ ಕಡೆಯವರಿಗೂ ಹೀಗೆಯೇ. ಬಂಟ್ವಾಳವನ್ನು ದಾಟಿ ಮೂಡಣಕ್ಕೆ ಬಂದಂತೆಲ್ಲ ಈ ಲಾಭ ಕರಗುತ್ತ ಬಂದು, ಉಪ್ಪಿನಂಗಡಿಯಲ್ಲಿ ಸೊನ್ನೆಯಾಗುತ್ತದೆ.

ಮಳೆಗಾಲದ ವಿಷಯಕ್ಕೆ ಪ್ರತ್ಯೇಕವಾಗಿಯೇ ಎರಡು ಮಾತು ಬೇಕು. ಏಕೆಂದರೆ ಆಗ ಮೇಲಿನ ಎಲ್ಲ ಲೆಕ್ಕಗಳೂ ಬುಡಮೇಲಾಗಬಹುದು. ಬಜಪೆಯ ಓಡುದಾರಿಯು ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದುದು. ೨೦೦೬ರಲ್ಲಿ ಬಳಕೆಗೆ ಬಂದ ಈಗಿನ ದೊಡ್ಡ ಓಡುದಾರಿ ೨,೪೫೦ ಮೀಟರು ಉದ್ದ. ಅದರ ತುದಿಗಳಾಚೆಗೆ ಕಣಿವೆ. ೨೦೧೦ರ ಮೇ ೨೨ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನವು ಬೇಕಾದುದಕ್ಕಿಂತ ಎತ್ತರದಿಂದ ಇಳಿಯುತ್ತ ಬಂದು, ಓಡುದಾರಿಯ ಅರ್ಧಕ್ಕೂ ಮುಂದೆ ನೆಲ ಮುಟ್ಟಿ, ನಿಲ್ಲಲಾರದೆ ಕಣಿವೆಗೆ ಬಿದ್ದಿತು. ಅದರಲ್ಲಿದ್ದ ೧೬೬ ಜನರಲ್ಲಿ ೧೫೮ ಮಂದಿ ತೀರಿಹೋದರು. ಇಳಿಯದೆ ಮತ್ತೆ ಮೇಲೇರುವಂತೆ ಸಹಚಾಲಕನು ಹೇಳಿದ್ದನೆಂದು ಆ ಬಳಿಕ ನಡೆದ ವಿಚಾರಣೆಯಲ್ಲಿ ತಿಳಿದುಬಂದಿತು. ಆ ದಿನ ಮಳೆಯಿರಲಿಲ್ಲವೆಂಬುದನ್ನೂ ನೆನಪಿಡಬೇಕು. ಹೀಗಿರುವಲ್ಲಿ, ಜೂನ್ ಜುಲೈಯಲ್ಲಿ ಮೋಡವು ಗುಡ್ಡದ ಮೇಲೆ ಕುಳಿತಿರುವಾಗ ಚಾಲಕನು ಓಡುದಾರಿಯನ್ನು ಕಾಣಲಾರದೆ ಮತ್ತೆ ಮೇಲಕ್ಕೆ ಹೋದರೆ, ಇಪ್ಪತ್ತು ನಿಮಿಷ ಸುತ್ತುಹೊಡೆದರೆ, ಅಥವಾ ಹೊರಟ ಬೆಂಗಳೂರಿಗೇ ಹಿಂದಿರುಗಿದರೆ, ಒಳಗೆ ಕುಳಿತವರು ಗೊಣಗಬಾರದು. ಆ ದಿನ ಬಜಪೆಯಲ್ಲಿ ಕಾಯುತ್ತಿರುವವರೂ ತಿಳಿಯತಕ್ಕದ್ದೊಂದಿದೆ: ತಾವು ಹತ್ತಬೇಕಾದ ವಿಮಾನವು ಸಾಮಾನ್ಯವಾಗಿ ಇನ್ನೊಂದು ಊರಿನಿಂದ ಬಂದಿಳಿಯುವ ವಿಮಾನವೇ, ಅದು ಇಳಿಯದಿದ್ದರೆ ಇವರು ಏರುವಂತಿಲ್ಲ. ಮನೆಯಿಂದ ಹೊರಡುವ ಮೊದಲು ‘ನಮ್ಮ ವಿಮಾನ ಹೊರಡುವುದೋ’ ಎಂದು ಕೇಳುವುದಕ್ಕಿಂತ ‘ನಮ್ಮ ವಿಮಾನ ಬಂದಿದೆಯೋ’ ಎಂದು ವಿಚಾರಿಸುವುದು ಮೇಲು.

ಇದಕ್ಕೆ ಪ್ರತಿಯಾದ ಮಾತೂ ಉಂಟು. ಅದೇ ಮಳೆಯಲ್ಲಿ ಘಟ್ಟವೂ ಮುಚ್ಚಿಹೋಗುವುದು. ೨೦೨೪ರ ಜುಲೈ ಕೊನೆಯಲ್ಲಿ ಸಕಲೇಶಪುರದ ಕಡೆ ಶಿರಾಡಿಯ ರಸ್ತೆಯ ಮೇಲೆ ಗುಡ್ಡ ಜರಿದು ಸಂಚಾರ ನಿಂತಿತು. ಎಡಕುಮೇರಿ ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲುಗಳೂ ನಿಂತುವು. ಅಂಥ ದಿನಗಳಲ್ಲಿ ಕರಾವಳಿಯೇ ಒಂದು ದ್ವೀಪವಾಗಿಬಿಡುತ್ತದೆ. ದ್ವೀಪದವರಿಗೆ ವಿಮಾನದ ಬೆಲೆ ಏನೆಂಬುದನ್ನು ಸ್ಕಾಟ್ಲೆಂಡಿನ ಉತ್ತರದ ಆರ್ಕ್ನೀ ದ್ವೀಪಗಳಲ್ಲಿ ನೋಡಬೇಕು. ಅಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಿಲ್ದಾಣಗಳಿಗೆ ಅಂತರ ಮೂರು ಕಿಲೋಮೀಟರೂ ಇಲ್ಲ. ೧೯೬೭ರಿಂದ ಅಲ್ಲಿ ಪುಟ್ಟ ವಿಮಾನವೊಂದು ವೇಳಾಪಟ್ಟಿಯಂತೆ ಎರಡು ನಿಮಿಷದಲ್ಲಿ ಹಾರಿಹೋಗುತ್ತಿದೆ. ನಡುವೆ ಕಡಲಿಲ್ಲದಿದ್ದರೆ ಅದನ್ನು ಯಾರು ಹತ್ತುತ್ತಿದ್ದರು? ನಮ್ಮ ಘಟ್ಟವು ಮುಚ್ಚಿದ ದಿನ ಉಪ್ಪಿನಂಗಡಿಯವರೂ ಆರೂವರೆ ಗಂಟೆಯನ್ನು ಲೆಕ್ಕಿಸದೆ ಬಜಪೆಗೆ ಹೋಗುವುದೇ ಸರಿ. ಹೊರಡುವ ಮೊದಲು ಘಟ್ಟದ ಸುದ್ದಿಯನ್ನು ಕೇಳಿಕೊಳ್ಳಿರೆಂದು ಸೋದರಿಗೆ ಹೇಳುತ್ತೇನೆ.

ಹಣದ ವಿಷಯ ಸ್ವಲ್ಪದರಲ್ಲಿ ಮುಗಿಸುತ್ತೇನೆ. ೨೦೨೦ರ ಮೇ ತಿಂಗಳಲ್ಲಿ, ಸಾಂಕ್ರಾಮಿಕದ ತಡೆಯ ಬಳಿಕ ವಿಮಾನಗಳು ಮತ್ತೆ ಹಾರತೊಡಗಿದಾಗ, ಸರ್ಕಾರವು ಹಾರುವ ಹೊತ್ತನ್ನು ಅನುಸರಿಸಿ ಹಾದಿಗಳನ್ನು ಏಳು ದರ್ಜೆಗಳಾಗಿ ಮಾಡಿ ದರಗಳನ್ನು ಕಟ್ಟಿತ್ತು. ನಲವತ್ತು ನಿಮಿಷಕ್ಕೆ ಕಡಮೆಯಾದ ಹಾದಿಗೆ ಆಗ ೨,೦೦೦ ರೂಪಾಯಿಗೆ ಕಡಮೆಯಿಲ್ಲದೆ ೬,೦೦೦ಕ್ಕೆ ಮೀರದೆ ಎಂದು ಗೊತ್ತಾಗಿದ್ದಿತು. ೨೦೨೨ರ ಆಗಸ್ಟ್ ಕೊನೆಗೆ ಆ ಕಟ್ಟು ಹೋಯಿತು. ಅಂದಿನಿಂದ ದರಕ್ಕೂ ದೂರಕ್ಕೂ ನೆಂಟಸ್ತಿಕೆ ಕಡಮೆ; ಆ ದಿನ ಎಷ್ಟು ಜನಕ್ಕೆ ಬೇಕಾಗಿದೆಯೆಂಬುದೇ ದರ. ರೋಗಿಯನ್ನು ನೋಡಲು ಹೊರಡುವವರು ಮುಂದಾಗಿ ಟಿಕೆಟು ಕೊಳ್ಳಲಾರರಾದುದರಿಂದ ಅವರಿಗೆ ಬೀಳುವುದು ಹೆಚ್ಚಿನ ದರವೇ ಎಂದು ತಿಳಿದು ಕೈಯಲ್ಲಿ ಹಣವಿಟ್ಟುಕೊಳ್ಳಬೇಕು.

ತಾಯಿಯವರು ಗುಣವಾಗಿ ಊರಿಗೆ ಹಿಂದಿರುಗುವಾಗ ಮಾತ್ರ ನಾನು ವಿಮಾನವನ್ನೇ ಹೇಳುವೆನು. ಅಲ್ಲಿ ಪ್ರಶ್ನೆ ಬೇಗ ಸೇರುವುದಲ್ಲ, ದೇಹ ಕುಲುಕದೆ ಸೇರುವುದು. ವೈದ್ಯರನ್ನು ಕೇಳಿ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕು. ಟಿಕೆಟು ಕೊಳ್ಳುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಯಿಸಿದರೆ ಬಾಗಿಲಿನಿಂದ ಆಸನದವರೆಗೆ ಕರೆದೊಯ್ಯುತ್ತಾರೆ. ಔಷಧಗಳನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಕೈಚೀಲಕ್ಕೆ ಸಾಮಾನ್ಯವಾ���ಿ ೭ ಕಿಲೋಗ್ರಾಮು, ಒಪ್ಪಿಸುವ ಪೆಟ್ಟಿಗೆಗೆ ೧೫. ಪೆಟ್ಟಿಗೆಯೇ ಇಲ್ಲದೆ ಹೋದವರು ಇಳಿದ ಮೇಲೆ ಕಾಯುವ ಹೊತ್ತನ್ನೂ ಉಳಿಸಬಹುದು. ಊರಿನಿಂದ ಅಣ್ಣನ ಮನೆಗೆ ಹಪ್ಪಳ ಸಂಡಿಗೆಗಳನ್ನು ಒಯ್ಯುವುದಕ್ಕೆ ಅಡ್ಡಿಯಿಲ್ಲ. ಒಣ ಕೊಬ್ಬರಿಯನ್ನು ಮಾತ್ರ ಬಿಡುವುದಿಲ್ಲ. ಅದರ ಎಣ್ಣೆಯಂಶದಿಂದ ತಾನಾಗಿ ಕಾವೇರಿ ಉರಿ ಹತ್ತುವ ಭಯವುಂಟೆಂದು ಅದನ್ನು ಅಪಾಯದ ಪದಾರ್ಥಗಳಲ್ಲಿ ಸೇರಿಸಿದ್ದಾರೆ. ಅದನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು. ಜಯನಗರದ ಅಂಗಡಿಗಳಲ್ಲಿ ಕೊಬ್ಬರಿ ಸಿಕ್ಕುತ್ತದೆ.